ಕಿರುಗುಟ್ಟದ ಸೊಂಟ

ಮೊನ್ನೆ ಹಿಂದಿನ ಬೀದಿಯವರು ವಾಕರ್ ಇದೆಯಾ ಎಂದು ಕೇಳಿಕೊಂಡು ಬಂದರು. ವಾಕರನ್ನು ಯಾರೂ ಕೊಂಡಂತೆ ಕಾಣೆ. ನಮ್ಮಲ್ಲಿರುವುದೂ ಯಾರದೋ ಮನೆಯಿಂದ ಬಂದದ್ದು, ಅವರಿಗೆ ಇನ್ಯಾರೋ ಕೊಟ್ಟದ್ದು. ಅಟ್ಟದಿಂದ ಇಳಿಸಿ, ಧೂಳು ಒರೆಸಿ ನೆಲಕ್ಕೂರಿದೆ. ಕಾಲಿನ ರಬ್ಬರ್ ಬುಷ್ ಸವೆದು ಕಿರ್ರ್ ಎಂದಿತು. ಆ ಸದ್ದಿಗೆ ನನಗೆ ಒಟ್ಟಿಗೇ ಇಬ್ಬರು ನೆನಪಾದರು: ನಮ್ಮ ದೊಡ್ಡಮ್ಮ ಮತ್ತು ಇಂಗ್ಲೆಂಡಿನ ಒಬ್ಬ ಗೃಹಸ್ಥನ ಹೆಂಡತಿ.

ಹೆಂಡತಿಯ ಕಥೆ ಮೊದಲು. 1946ರಲ್ಲಿ ಪ್ಯಾರಿಸ್ಸಿನ ಜುಡೆ ಸಹೋದರರು, ಸವೆದ ಸೊಂಟದ ಕೀಲಿಗೆ ಅಕ್ರಿಲಿಕ್ಕಿನ ಗುಂಡು ಕೂರಿಸುವುದನ್ನು ಶುರುಮಾಡಿದರು. ಹಾಗೆ ಹಾಕಿಸಿಕೊಂಡವನೊಬ್ಬ ಮ್ಯಾಂಚೆಸ್ಟರಿನ ಡಾಕ್ಟರ್ ಜಾನ್ ಚಾರ್ನ್ಲಿಯವರಿಗೆ ಎದುರಾದ. ಅವನ ಕಷ್ಟವೇ ಬೇರೆ. ಊಟದ ಮೇಜಿನ ಮುಂದೆ ಸ್ವಲ್ಪ ಬಗ್ಗಿದರೂ ಸೊಂಟ ಕಿರುಗುಟ್ಟುತ್ತಿತ್ತು. ಸದ್ದು ತಾಳಲಾರದೆ ಹೆಂಡತಿ ಅವನಿದ್ದ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಆಧುನಿಕ ವೈದ್ಯಕ್ಕೆ ಆ ಮಹಾತಾಯಿಯ ಕೊಡುಗೆ ದೊಡ್ಡದೆಂದು ನನ್ನ ವಾದ. ಅವಳು ಸಹಿಸಿಕೊಂಡು ಸುಮ್ಮನಿದ್ದಿದ್ದರೆ ಚಾರ್ನ್ಲಿ ಆ ಸದ್ದಿನ ಬೆನ್ನು ಹತ್ತುತ್ತಿದ್ದರೋ ಇಲ್ಲವೋ.

ಸದ್ದೆಂದರೆ ಘರ್ಷಣೆ. ಜಾರುವ ವಸ್ತು ಬೇಕೆಂದು ಅವರು ಟೆಫ್ಲಾನಿನ ಬಟ್ಟಲು ಮಾಡಿ ಉಕ್ಕಿನ ಗುಂಡಿಗೆ ಜೊತೆಮಾಡಿದರು. ಅದನ್ನು ಮೂಳೆಗೆ ಕೂರಿಸಲು ಬಳಸಿದ್ದು ದಂತವೈದ್ಯರ ಅಕ್ರಿಲಿಕ್. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದುಹೋಯಿತು. ಸುಮಾರು ಮುನ್ನೂರು ಜನರಿಗೆ ಹಾಕಿ ಆಗಿತ್ತು. 1962ರ ಮೇ ತಿಂಗಳಲ್ಲಿ ಅವರ ವರ್ಕ್‌ಶಾಪಿಗೆ ಒಬ್ಬ ಸೇಲ್ಸ್‌ಮನ್ ಬಂದ, ಲ್ಯಾಂಕಶೈರಿನ ಮಗ್ಗಗಳ ಹಲ್ಲುಚಕ್ರಕ್ಕೆ ಬಳಸುವ ಪ್ಲಾಸ್ಟಿಕ್ಕಿನ ತುಂಡು ಹಿಡಿದುಕೊಂಡು. ಚಾರ್ನ್ಲಿ ಅದಕ್ಕೆ ಉಗುರು ಒತ್ತಿ ನೋಡಿ, ಕೆಲಸಕ್ಕೆ ಬಾರದ್ದು ಎಂದು ಹೊರಟುಹೋದರು. ಅವರ ಮೆಕ್ಯಾನಿಕ್ ಹ್ಯಾರಿ ಕ್ರೇವನ್ ಮಾತ್ರ, ಯಜಮಾನರು ಊರಲ್ಲಿಲ್ಲದಾಗ ಆ ತುಂಡನ್ನು ಸವೆತದ ಯಂತ್ರಕ್ಕೆ ಕಟ್ಟಿ ಹಗಲೂ ರಾತ್ರಿ ಓಡಿಸಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರಕ್ಕೂ ಸವೆದಿರಲಿಲ್ಲ. ಆ ನವೆಂಬರಿನಿಂದ ರೋಗಿಗಳ ಸೊಂಟದಲ್ಲಿ ಕೂತದ್ದು ಅದೇ ಪಾಲಿಎಥಿಲೀನ್. ಚಾರ್ನ್ಲಿ 1977ರಲ್ಲಿ ಸರ್ ಜಾನ್ ಆದರು. ಕ್ರೇವನ್ ಕ್ರೇವನ್ನಾಗಿಯೇ ಉಳಿದರು.

ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಇದೊಂದೂ ನನಗೆ ಗೊತ್ತಿರಲಿಲ್ಲ. ಹೊಸ ಕೀಲು ಕೂರಿಸುವ ಆಪರೇಷನ್ ಚೆನ್ನಾಗಿಯೇ ಆಯಿತು. ಕೆಟ್ಟದ್ದು ಆಮೇಲೆ. ರಾತ್ರಿ ವಾರ್ಡಿನಲ್ಲಿ ಅವಳಿಗೆ ದಿಕ್ಕು ತಪ್ಪಿ, ಅದನ್ನು ತವರುಮನೆ ಎಂದುಕೊಂಡಳು. "ದನ ಕಟ್ಟಿದ್ರೇನೋ?" ಎಂದು ಕೇಳುತ್ತಿದ್ದಳು. ಅಣ್ಣ ಪ್ರತಿ ಸಲವೂ, "ಅಮ್ಮಾ, ಇದು ಆಸ್ಪತ್ರೆ" ಎಂದು ತಿಳಿಹೇಳಲು ಹೋಗುವನು. ಅವಳು ಡ್ರಿಪ್ಪಿನ ನಳಿಗೆ ಕೀಳಲು ಹೋಗುವಳು. ಅತ್ತಿಗೆ ಮಾತ್ರ, "ಕಟ್ಟಿದ್ವಿ ಅಮ್ಮ, ಹುಲ್ಲೂ ಹಾಕಿದ್ವಿ" ಎನ್ನುವಳು. ದೊಡ್ಡಮ್ಮ ಮಲಗುವಳು.

ಮನೆಗೆ ಬಂದ ಮೇಲೆ ಇನ್ನೊಂದು ಪರದಾಟ. ನೆಲಕ್ಕೆ ಕೂರುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಮಲಗುವಾಗ ತೊಡೆಗಳ ನಡುವೆ ದಿಂಬು. ಗಂಜಿ ಕೊಟ್ಟರೆ ಬಾಯಲ್ಲೇ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಫಿಸಿಯೋ ಹುಡುಗ, "ಅಜ್ಜಿ, ಒಂದೇ ಒಂದು ಹೆಜ್ಜೆ" ಎಂದು ಅಂಗಲಾಚಿದರೂ ಮಂಚ ಬಿಟ್ಟಿಳಿಯಲಿಲ್ಲ. ಕೈಲಾಗದ ನನ್ನ ಪಾಲಿಗೆ ಬಂದದ್ದು ಸಂಜೆ ಹೊತ್ತು ಕೂತು ಮಾತಾಡಿಸುವ ಡ್ಯೂಟಿ. ಮಾತಿಗೆ ಬರ ಬಂದು, ಅವಳೊಳಗೆ ಕೂತ ವಸ್ತುವಿನ ಜಾತಕ ಹುಡುಕತೊಡಗಿದೆ. ಹಲ್ಲಿನ ಸೆಟ್ಟಿನ ಸಾಮಾನೇ ಸೊಂಟಕ್ಕೂ ಎಂದಾಗ ದೊಡ್ಡಮ್ಮ ಒಂದು ಸಲ ಸೆಟ್ಟಿನ ಡಬ್ಬಿಯ ಕಡೆ ನೋಡಿದಳು. ಕಿರುಗುಟ್ಟುವ ಗಂಡನ ಕಥೆಗೆ ಮುಖ ಗಂಭೀರವಾಯಿತು.

"ನಂದೂ ಕಿರುಗುಟ್ಟುತ್ತೇನೋ?"

"ಕೂತಿದ್ರೆ ಹೇಗೆ ಗೊತ್ತಾಗುತ್ತೆ?"

ಅತ್ತಿಗೆ ಟಿವಿ ಆರಿಸಿದಳು, ಕುಕ್ಕರಿನ ಕೆಳಗೆ ಗ್ಯಾಸ್ ಆರಿಸಿದಳು. ಅಣ್ಣ ಫ್ಯಾನ್ ನಿಲ್ಲಿಸಿದ. ದೊಡ್ಡಮ್ಮ ವಾಕರ್ ಹಿಡಿದು, ಹಲ್ಲು ಕಚ್ಚಿ ಎದ್ದು, ಒಂದು ಕಾಲು ಮುಂದಿಟ್ಟಳು. ಕಿರ್ರ್!

"ಅದು ವಾಕರು ದೊಡ್ಡಮ್ಮ, ನೀನಲ್ಲ."

ನಂಬಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು ನೋಡಿದಳು.

ಅಷ್ಟಕ್ಕೇ ಗುಣವಾದಳೆಂದರೆ ಕಥೆಯಾದೀತು. ತಿಂಗಳುಗಟ್ಟಲೆ ಹಿಡಿಯಿತು. ಅವಳನ್ನು ಎಬ್ಬಿಸಿ, ಕೂರಿಸಿ, ಕಮೋಡ್ ಕುರ್ಚಿಗೆ ಇಳಿಸಿ ದೊಡ್ಡಮ್ಮನ ಸೊಂಟ ನೆಟ್ಟಗಾಗುವ ಹೊತ್ತಿಗೆ ಅತ್ತಿಗೆಯ ಸೊಂಟ ಹಿಡಿದುಕೊಂಡಿತ್ತು. ನೋಡಲು ಬಂದ ನೆಂಟರೆಲ್ಲ ಹಾರ್ಲಿಕ್ಸ್ ಬಾಟಲಿ ಇಟ್ಟು, "ಮಗ ಅಂದ್ರೆ ಹೀಗಿರಬೇಕು" ಎಂದು ಅಣ್ಣನ ಬೆನ್ನು ತಟ್ಟಿ ಹೋದರು. ಅವರಿಗೆ ಕಾಫಿ ಕೊಟ್ಟವಳು ಅತ್ತಿಗೆಯೇ.

ಚಾರ್ನ್ಲಿಯವರಿಗೆ ಇನ್ನೊಂದು ಅಭ್ಯಾಸವಿತ್ತು. ಸತ್ತ ಮೇಲೆ ಕೀಲನ್ನು ವಾಪಸ್ ಕೊಡಬೇಕೆಂದು ರೋಗಿಗಳಲ್ಲಿ ಕೇಳಿಕೊಳ್ಳುತ್ತಿದ್ದರು, ಎಷ್ಟು ಸವೆದಿದೆ ನೋಡಲು. ಎಷ್ಟೋ ಜನ ಒಪ್ಪಿ ಸಹಿ ಹಾಕಿದ್ದರು. ಇದನ್ನೂ ದೊಡ್ಡಮ್ಮನಿಗೆ ಹೇಳಿದೆ. ಕಡ ತಂದ ಪಾತ್ರೆ ಹಿಂದಿರುಗಿಸುವುದರಲ್ಲಿ ಅವಳು ಬಹಳ ಕಟ್ಟುನಿಟ್ಟು.

"ನಂದನ್ನ ಡಾಕ್ಟರಿಗೆ ಕೊಡಬೇಡಿ. ನಿನ್ನ ಅತ್ತಿಗೆಗೆ ಕೊಡಿ. ನನ್ನ ದೆಸೆಯಿಂದ ಅವಳದ್ದು ಹೋಗಿದೆ."

ಅಡುಗೆಮನೆಯಿಂದ ಉತ್ತರ ಬಂತು: "ನೀವೇ ಇಟ್ಕೊಳ್ಳಿ ಅಮ್ಮ. ನಂಗೆ ಸೈಜ್ ಆಗಲ್ಲ."