ಬೆಂಗಳೂರಿನ ದಂಡಿನಲ್ಲಿ ಒಂದು ಡಿಸೆಂಬರ್

ಮೈಸೂರಿನವರಾದ ನಮಗೆ ಬೆಂಗಳೂರು ಅಪರಿಚಿತವಾದ ಊರಲ್ಲ. ಮದುವೆ ಮುಂಜಿಗಳಿಗೆಂದೂ ಕಚೇರಿಯ ಕೆಲಸಗಳಿಗೆಂದೂ ಬಂಧುಗಳ ಕಾಹಿಲೆಗಳಿಗೆಂದೂ ವರ್ಷಕ್ಕೆ ನಾಲ್ಕಾರು ಬಾರಿ ಅಲ್ಲಿಗೆ ಹೋಗಿಬರುವುದುಂಟು. ಆದರೆ ಊರನ್ನು ನೋಡಬೇಕೆಂದೇ ಹೊರಟವರು ನಾವಲ್ಲ. ಬಸವನಗುಡಿಯಲ್ಲಿರುವ ನಮ್ಮ ಅಕ್ಕನ ಮನೆ, ಗಾಂಧಿ ಬಜಾರಿನ ಹೂವಿನ ಸಾಲು, ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ನೆರೆಯುವ ಕಡಲೆಕಾಯಿ ಪರಿಷೆ, ಇಷ್ಟೇ ನಮ್ಮ ಪಾಲಿನ ಬೆಂಗಳೂರು. ಆ ಪರಿಧಿಯನ್ನು ದಾಟಿ ದಂಡಿನ ಕಡೆಯ ಬೀದಿಗಳನ್ನು, ಅದೂ ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ, ನೋಡುವಂತಾದುದು ಕಳೆದ ಡಿಸೆಂಬರಿನಲ್ಲಿ. ಅದಕ್ಕೆ ಕಾರಣವಾದುದು ಅಕ್ಕನ ಒಂದು ದೂರು.

"ನಿನ್ನ ಅಳಿಯ ಕೆಲಸ ಬಿಟ್ಟು ಗಿಟಾರು ಹಿಡಿದು ಕೂತಿದ್ದಾನೆ. ನಾಲ್ಕು ಜನ ಹುಡುಗರನ್ನು ಕಟ್ಟಿಕೊಂಡು ರಾತ್ರಿಯೆಲ್ಲ ಅದೇನೋ ರಾಕ್ ಸಂಗೀತವಂತೆ. ಮೊದಲಿನ ಕಂಪನಿಯವರು ಸಂಕ್ರಾಂತಿಯೊಳಗೆ ಬಂದರೆ ಮತ್ತೆ ತೆಗೆದುಕೊಳ್ಳುತ್ತೇವೆ ಎಂದಿದ್ದಾರೆ. ನಮ್ಮ ಮಾತು ಕೇಳುವುದಿಲ್ಲ, ನೀನಾದರೂ ಬಂದು ಬುದ್ಧಿ ಹೇಳು" ಎಂದು ಅಕ್ಕ ದೂರವಾಣಿಯಲ್ಲಿ ಹೇಳುತ್ತ ಕಣ್ಣೀರಿಟ್ಟಳು. ಭಾವನವರಿಗೆ ನಿವೃತ್ತಿಯಾಗಿ ಎರಡು ವರ್ಷವಾಗಿದೆ, ಮನೆಯ ಮೇಲಿನ ಸಾಲ ಇನ್ನೂ ತೀರಿಲ್ಲ. ಅಕ್ಕನ ಆತಂಕವು ಅಕಾರಣವಾದುದೆಂದು ಯಾರೂ ಹೇಳಲಾರರು. ಮಕ್ಕಳ ಶಾಲೆಗಳಿಗೆ ರಜೆ ಬಂದೊಡನೆ ನಾವೂ ನಮ್ಮ ಮನೆಯವರೂ ಹತ್ತು ವರ್ಷದ ಮಗಳೂ ಬೆಳಗಿನ ರೈಲಿನಲ್ಲಿ ಹೊರಟೆವು.

ಅಳಿಯನನ್ನು ಕೂರಿಸಿಕೊಂಡು ಹೇಳಬೇಕಾದ ಮಾತುಗಳನ್ನೆಲ್ಲ ರೈಲಿನಲ್ಲಿಯೇ ಜೋಡಿಸಿಕೊಂಡಿದ್ದೆವು. ಆದರೆ ನಾವು ಪೀಠಿಕೆಯನ್ನು ಆರಂಭಿಸುವಷ್ಟರಲ್ಲಿಯೇ ಆತನು ನಗುತ್ತ, "ಮಾವ, ನೀವು ಯಾತಕ್ಕೆ ಬಂದಿದ್ದೀರಿ ಅಂತ ಗೊತ್ತು. ನಾಳೆ ಸಾಯಂಕಾಲ ನಮ್ಮ ಕಚೇರಿ ಇದೆ. ಒಂದು ಸಲ ಕೇಳಿ, ಆಮೇಲೆ ಏನು ಬೇಕಾದರೂ ಬೈಯಿರಿ" ಎಂದನು. ಕೇಳದೆಯೇ ತೀರ್ಪು ಕೊಡುವುದು ನ್ಯಾಯವಲ್ಲವಷ್ಟೆ. ಒಪ್ಪಿಕೊಂಡೆವು. ಅಚ್ಚರಿಯೆಂದರೆ, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನು ತಾನೂ ಬರುತ್ತೇನೆಂದಳು. ಮಗನ ವಾದ್ಯವನ್ನು ಆಕೆ ಮುಚ್ಚಿದ ಕೋಣೆಯ ಬಾಗಿಲಿನಾಚೆಯಿಂದ ಹೊರತು ಎಲ್ಲಿಯೂ ಕೇಳಿದವಳಲ್ಲ.

ಮಾರನೆಯ ದಿನ ಮಧ್ಯಾಹ್ನ ನ್ಯಾಷನಲ್ ಕಾಲೇಜಿನ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಬೇರೆ ಗಾಡಿಗಾಗಿ ಕಾದೆವು. ಅಲ್ಲಿ ಅಳಿಯನು ನಮ್ಮ ಮಗಳಿಗೆ, "ಈ ಬಸ್ ನಿಲ್ದಾಣವಿದೆಯಲ್ಲ, ಇದು ಹಿಂದೆ ಧರ್ಮಾಂಬುಧಿ ಕೆರೆ. ಊರಿನವರು ಇದರ ನೀರನ್ನೇ ಕುಡಿಯುತ್ತಿದ್ದರು. ಕಂಠೀರವ ಕ್ರೀಡಾಂಗಣವಿರುವ ಕಡೆ ಸಂಪಂಗಿ ಕೆರೆ ಇತ್ತು" ಎಂದು ಹೇಳಿದನು. ಮಗಳು ಸುತ್ತಲೂ ನೋಡಿ, "ಹಾಗಾದರೆ ಮೀನುಗಳೆಲ್ಲ ಎಲ್ಲಿಗೆ ಹೋದವು?" ಎಂದಳು. ಆತನು ಉತ್ತರ ಕೊಡದೆ ಕಿಸೆಯಿಂದ ಚೀಟಿಯೊಂದನ್ನು ತೆಗೆದು ಏನನ್ನೋ ಗುರುತು ಹಾಕಿಕೊಂಡುದನ್ನು ನಾವು ಕಂಡೆವು.

ದಂಡೆಂದರೆ ಏನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಶ್ರೀರಂಗಪಟ್ಟಣದ ಹವೆಯು ಒಗ್ಗದೆ ಇಂಗ್ಲಿಷರು ತಮ್ಮ ಸೈನ್ಯವನ್ನು ಬೆಂಗಳೂರಿಗೆ ಸಾಗಿಸಿ, 1809ನೆಯ ಇಸವಿಯ ಸುಮಾರಿಗೆ ಹಳೆಯ ಪೇಟೆಯ ಈಶಾನ್ಯಕ್ಕೆ ಈ ಪಾಳೆಯವನ್ನು ಕಟ್ಟಿದರು. ಅಂದಿನಿಂದ ಸುಮಾರು ನೂರ ನಲವತ್ತು ವರ್ಷ ಪೇಟೆಯೂ ದಂಡೂ ಎರಡು ಊರುಗಳಂತೆಯೇ ಬಾಳಿದವು. 1949ರಲ್ಲಿ ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದವು. ಸೈನ್ಯದೊಡನೆ ಬಂದ ಬ್ಯಾಂಡು ವಾದ್ಯಗಳೇ ಈ ಊರಿಗೆ ಪಾಶ್ಚಾತ್ಯ ಸಂಗೀತದ ಮೊದಲ ಪರಿಚಯವನ್ನು ಮಾಡಿಸಿದವೆನ್ನಬಹುದು. ಕಬ್ಬನ್ ಉದ್ಯಾನದ ನಡುವೆ ಎಂಟು ಮೂಲೆಯ ಎರಕದ ಕಬ್ಬಿಣದ ವಾದ್ಯಮಂಟಪವೊಂದು ಇಂದಿಗೂ ಆ ಕಾಲವನ್ನು ನೆನಪಿಗೆ ತರುತ್ತದೆ.

ಮೊದಲು ಹೋದುದು ಮಗಳ ಹಟಕ್ಕಾಗಿ ಕೇಕುಗಳ ಪ್ರದರ್ಶನಕ್ಕೆ. 1970ರ ದಶಕದಿಂದ ಪ್ರತಿ ಡಿಸೆಂಬರಿನಲ್ಲಿಯೂ ನಡೆಯುತ್ತ ಬಂದಿರುವ ಈ ಪ್ರದರ್ಶನದಲ್ಲಿ ಸಕ್ಕರೆಯ ಕಟ್ಟಡಗಳೂ ಸಕ್ಕರೆಯ ಪ್ರಾಣಿಗಳೂ ಆಳೆತ್ತರಕ್ಕೆ ನಿಂತಿರುತ್ತವೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುವ ನಮ್ಮ ಮನೆಯವರೂ ಅಕ್ಕನೂ ಅವುಗಳ ಮುಂದೆ ನಿಂತು ಪಾಕ ಯಾವ ಹದದ್ದಿರಬಹುದೆಂದು ಚರ್ಚಿಸಿದರು. ಅಲ್ಲಿಂದ ಶಿವಾಜಿನಗರಕ್ಕೆ ಹೋಗಿ ಸಂತ ಮೇರಿಯಮ್ಮನವರ ಬೆಸಿಲಿಕವನ್ನು ನೋಡಿದೆವು. 1882ರಲ್ಲಿ ಪ್ರತಿಷ್ಠೆಯಾದ, ಮುಗಿಲಿಗೆ ಚಾಚಿದ ಗೋಪುರವುಳ್ಳ ಈ ಮಂದಿರಕ್ಕೆ ಮುಂದೆ ಬೆಸಿಲಿಕವೆಂಬ ಗೌರವ ದೊರೆಯಿತು. ಒಳಗೆ ಮೇಣದ ಬತ್ತಿ ಹಚ್ಚುತ್ತಿದ್ದವರಲ್ಲಿ ಕುಂಕುಮವಿಟ್ಟ ಹೆಂಗಸರೂ ಕಡಮೆಯಿರಲಿಲ್ಲ. ಹೊರಗಿನ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು, ಗೋದಲಿಯ ಬೊಂಬೆಗಳು, ಬಿದಿರಿನ ಬುಟ್ಟಿಗಳಲ್ಲಿ ಹಬ್ಬದ ತಿಂಡಿಗಳು. ಕೊಂಕಣಿ ಕ್ರೈಸ್ತರು ಈ ತಿಂಡಿಗಳನ್ನೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿ ನೆವ್ರಿಯೊ ಎಂಬುದನ್ನು ಮುರಿದು ನೋಡಿದ ಅಕ್ಕ, "ಇದು ನಮ್ಮ ಕರ್ಜಿಕಾಯಿಯೇ ಅಲ್ಲವೇನೋ!" ಎಂದು ಉದ್ಗಾರ ತೆಗೆದಳು. ಆ ದಿನ ಆಕೆಯ ಮುಖದಲ್ಲಿ ನಗೆ ಮೂಡಿದುದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಬ್ರಿಗೇಡ್ ರಸ್ತೆಗೆ ಬಂದೆವು. ರಸ್ತೆಯ ಮೇಲೆ ಅಡ್ಡಲಾಗಿ ಕಟ್ಟಿದ್ದ ದೀಪಮಾಲೆಗಳು ಒಮ್ಮೆಗೇ ಹತ್ತಿಕೊಂಡಾಗ ಜನಸಂದಣಿಯಿಂದ ಹೊರಟ ಹರ್ಷಧ್ವನಿಯು ನಮಗೆ ದಸರೆಯ ಇರುಳಿನಲ್ಲಿ ಮೈಸೂರಿನ ಅರಮನೆಯ ಮುಂದೆ ಏಳುವ ಧ್ವನಿಯನ್ನೇ ನೆನಪಿಸಿತು. ವಾಚಕರಲ್ಲಿ ಮಕ್ಕಳೊಂದಿಗರು ಈ ಸೊಬಗನ್ನು ನೋಡಬಯಸಿದರೆ ಡಿಸೆಂಬರ್ 31ಕ್ಕೆ ಮುಂಚೆಯೇ ಹೋಗತಕ್ಕದ್ದು. ವರ್ಷದ ಕಡೆಯ ಇರುಳಿನಲ್ಲಿ ಅಲ್ಲಿ ಸೇರುವ ನೂಕುನುಗ್ಗಲು ಎಳೆಯರಿಗೂ ಮುದುಕರಿಗೂ ಹೇಳಿಸಿದುದಲ್ಲ.

ಕಚೇರಿಗೆ ಇನ್ನೂ ಒಂದು ಗಂಟೆಯಿತ್ತು. ಚರ್ಚ್ ಸ್ಟ್ರೀಟಿನ ಕಾಫಿ ಅಂಗಡಿಯಲ್ಲಿ ಕುಳಿತು, ಈ ಊರಿಗೂ ರಾಕ್ ಸಂಗೀತಕ್ಕೂ ಏನು ನಂಟೆಂದು ಕೇಳಿದೆವು. ಅಳಿಯನು ಹೇಳಿದುದರ ಸಾರವಿದು: 1970ರ ದಶಕದಲ್ಲಿಯೇ ಇಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ತಂಡ ಹೆಸರಾಗಿತ್ತು. ಅದರ ತಾಳವಾದ್ಯಗಾರರಾದ ರಮೇಶ್ ಶೋಥಮ್ ಅವರು ಮುಂದೆ ನಮ್ಮ ತವಿಲ್ ವಾದ್ಯವನ್ನು ಅಭ್ಯಾಸ ಮಾಡಿ ಜರ್ಮನಿಯಲ್ಲಿ ನೆಲೆಸಿದರು. 1996ರಲ್ಲಿ 'ಥರ್ಮಲ್ ಅಂಡ್ ಎ ಕ್ವಾರ್ಟರ್', 1998ರಲ್ಲಿ 'ಕ್ರಿಪ್ಟೋಸ್', 2002ರಲ್ಲಿ 'ಸ್ವರಾತ್ಮ' ಹುಟ್ಟಿಕೊಂಡವು. ಅರಮನೆ ಮೈದಾನಕ್ಕೆ 2003ರಲ್ಲಿ 'ರೋಲಿಂಗ್ ಸ್ಟೋನ್ಸ್', 2007ರಲ್ಲಿ 'ಐರನ್ ಮೇಡನ್', 2011ರಲ್ಲಿ 'ಮೆಟಾಲಿಕ' ತಂಡಗಳು ಬಂದಾಗ ದೇಶದ ಮೂಲೆಮೂಲೆಗಳಿಂದ ಹುಡುಗರು ರೈಲು ಹತ್ತಿ ಬಂದಿದ್ದರು. ನಮ್ಮ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಷರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹಾಡಿ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೂ ಕೊಂಡೊಯ್ದರು.

"ಅವರೆಲ್ಲ ದೊಡ್ಡವರು. ನೂರು ಜನರಲ್ಲಿ ಒಬ್ಬರಿಗೆ ಹಾಗಾಗುತ್ತದೆ. ಉಳಿದ ತೊಂಬತ್ತೊಂಬತ್ತು ಜನರ ಗತಿ?" ಎಂದು ಅಕ್ಕ ಕೇಳಿದಳು.

ಮಗನು ಈ ಪ್ರಶ್ನೆಯನ್ನು ತೇಲಿಸಿಬಿಡಲಿಲ್ಲ. ವಾರದಲ್ಲಿ ಐದು ದಿನ ಮಕ್ಕಳಿಗೆ ಗಿಟಾರು ಪಾಠ ಹೇಳಿ ತಾನು ಸಂಪಾದಿಸುವುದು ಹಿಂದಿನ ಸಂಬಳದ ಕಾಲು ಭಾಗವೆಂದೂ, ಕಚೇರಿಗಳಿಂದ ಬರುವುದು ಗಾಡಿಯ ಬಾಡಿಗೆಗೂ ಸಾಲದೆಂದೂ ಒಪ್ಪಿಕೊಂಡನು. ಹಾಡುವ ಸ್ಥಳಗಳಿಗೂ ಬರವಂತೆ. ಹೋಟೆಲು ಮುಂತಾದೆಡೆಗಳಲ್ಲಿ ವಾದ್ಯ ನೃತ್ಯಗಳ ಮನರಂಜನೆ ನಡೆಸಲು ಪೊಲೀಸರ ಪರವಾನಗಿ ಬೇಕೆಂದು 2005ರಲ್ಲಿ ಆಜ್ಞೆಯಾಯಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೆರೆಹೊರೆಯವರ ನಿದ್ರೆಯೂ ಮುಖ್ಯವೇ, ಅಲ್ಲಗಳೆಯುವಂತಿಲ್ಲ. ಆದರೆ ಪರವಾನಗಿಯ ತೊಡಕನ್ನು ತಡೆದುಕೊಳ್ಳಬಲ್ಲವರು ಹಣವಂತರಾದ ಹೋಟೆಲಿನವರೇ ಹೊರತು ಸಣ್ಣವರಲ್ಲ. ಅಲ್ಲಿಯಾದರೋ ಗಿರಾಕಿಗಳು ಬರುವುದು ಪಾನಕ್ಕಾಗಿ, ಗಾನಕ್ಕಾಗಿ ಅಲ್ಲ. "ಅಮ್ಮನನ್ನು ಕರೆದುಕೊಂಡು ಹೋಗುವಂಥ ಜಾಗದಲ್ಲಿ ನುಡಿಸಬೇಕೆಂದು ನನಗೆ ಆಸೆ, ಮಾವ. ಅಂಥ ಜಾಗ ಸಿಕ್ಕಿದ್ದು ಈ ವರ್ಷದಲ್ಲಿ ಇವತ್ತೊಂದೇ ದಿನ" ಎಂದನು.

ಆ ಜಾಗವು ಒಂದು ಸಣ್ಣ ಸಭಾಂಗಣ. ಮುನ್ನೂರು ಕುರ್ಚಿಗಳಲ್ಲಿ ಅರ್ಧದಷ್ಟು ತುಂಬಿದ್ದವು. ಮೊದಲಿನ ಎರಡು ಇಂಗ್ಲಿಷ್ ಹಾಡುಗಳು ನಮಗೆ ಅರ್ಥವಾಗಲಿಲ್ಲವೆಂದು ಮರೆಮಾಚದೆ ಹೇಳಿಬಿಡುತ್ತೇವೆ. ಡ್ರಮ್ಮಿನ ಹೊಡೆತವು ಕಿವಿಗೆ ಬೀಳುವುದಕ್ಕೆ ಮೊದಲೇ ಎದೆಗೆ ಬೀಳುತ್ತಿತ್ತು. ನಮ್ಮ ಮನೆಯವರು ಸೆರಗಿನಿಂದ ಕಿವಿ ಮುಚ್ಚಿಕೊಂಡರು, ಮಗಳು ಮಾತ್ರ ಕುರ್ಚಿಯ ಮೇಲೆಯೇ ಕುಣಿಯತೊಡಗಿದಳು. ಅಕ್ಕನು ಮಡಿಲಿನಲ್ಲಿ ಕೈಯಿಟ್ಟುಕೊಂಡು ಅಲುಗಾಡದೆ ಕುಳಿತಿದ್ದಳು.

ಮೂರನೆಯದು ಕನ್ನಡದ ಹಾಡು, ಅಳಿಯನೇ ಕಟ್ಟಿದ್ದು. ಡ್ರಮ್ಮು ತಗ್ಗಿತು, ಗಿಟಾರು ತಂಬೂರಿಯಂತೆ ಒಂದೇ ಶ್ರುತಿಯಲ್ಲಿ ನಿಂತಿತು. ಬಸ್ಸಿಗಾಗಿ ಕಾಯುತ್ತಿರುವ ಒಬ್ಬ ಮುದುಕಿಗೆ ತನ್ನ ಕಾಲಡಿಯಲ್ಲಿ ಕೆರೆಯ ನೀರು ಅಲುಗಿದ ಸದ್ದು ಕೇಳಿಸುತ್ತದೆ. ಪಕ್ಕದವರನ್ನು ಕೇಳಿದರೆ ಅವರಿಗೆ ಕೇಳಿಸುವುದಿಲ್ಲ. ಬಸ್ಸು ಬರುತ್ತದೆ; ಆಕೆ ಹತ್ತುವುದಿಲ್ಲ. ಹಾಡಿನ ವಸ್ತು ಇಷ್ಟೇ. ಕೊನೆಯಲ್ಲಿ ಮೀನುಗಳ ಮಾತು ಬಂದಾಗ ಮಗಳು ನಮ್ಮ ತೋಳನ್ನು ಹಿಡಿದು, "ಅದು ನಾನು ಕೇಳಿದ್ದು!" ಎಂದು ಪಿಸುಗುಟ್ಟಿದಳು. ರಾಗದಲ್ಲಿ ಎಲ್ಲಿಯೋ ಶಿವರಂಜನಿಯ ನೆರಳು ಸುಳಿದಂತಿತ್ತು. ಅಕ್ಕನ ಕಡೆಗೆ ತಿರುಗಿದೆವು. ಆಕೆಯ ಬೆರಳುಗಳು ಮಡಿಲಿನಲ್ಲಿಯೇ ತಾಳ ಹಾಕುತ್ತಿದ್ದವು.

ಇದು ಪರದೇಶದ ಗದ್ದಲ, ನಮ್ಮದಲ್ಲ, ಎಂದು ಹೇಳಬೇಕೆಂದಿದ್ದ ಮಾತು ಆಗ ನಾಲಗೆಯಲ್ಲಿ ನಿಲ್ಲಲಿಲ್ಲ. ಪಿಟೀಲು ಕೂಡ ಪರದೇಶದಿಂದಲೇ ಬಂದುದು. ಮೈಸೂರು ಆಸ್ಥಾನದ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿ ತಮ್ಮದಾಗಿ ಮಾಡಿಕೊಂಡರು. ಅವರ ಹೆಸರಿನ ಸ್ಮಾರಕ ಭವನವೇ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ನಿಂತಿದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತುದು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ಸಂಗೀತ ಸಂಘದ ಮೊದಲ ಅಧ್ಯಕ್ಷರಾದವರು. ಮೈಸೂರಿನವರಾದ ನಾವು ಯಾವ ಬಾಯಿಂದ ಗಿಟಾರನ್ನು ಹೊರಗಿನದೆನ್ನುವುದು?

ಆದರೆ ಅಕ್ಕನ ಪ್ರಶ್ನೆ ಸಂಗೀತದ್ದಾಗಿರಲಿಲ್ಲ, ಅನ್ನದ್ದಾಗಿತ್ತು. ಅದಕ್ಕೆ ಆ ಹಾಡಿನಲ್ಲಿ ಉತ್ತರವಿರಲಿಲ್ಲ.

ರಾತ್ರಿ ಹತ್ತಕ್ಕೆ ಕಚೇರಿ ನಿಂತಿತು. ಕಟ್ಟಡದ ಯಜಮಾನರು ವ್ಯವಸ್ಥಾಪಕರಿಗೆ ಕೈಗಡಿಯಾರವನ್ನು ತೋರಿಸಿದರು, ಇನ್ನೂ ಒಂದು ಹಾಡು ಉಳಿದಿದ್ದಂತೆಯೇ ಧ್ವನಿವರ್ಧಕವನ್ನು ಆರಿಸಿದರು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಮುಚ್ಚಿದ ಸಭಾಂಗಣಗಳಿಗೆ ಇದರಿಂದ ವಿನಾಯಿತಿಯುಂಟಾದರೂ ಆ ಯಜಮಾನರು ಗಂಡಾಂತರವೇ ಬೇಡವೆಂದರು. ಹುಡುಗರು ಜಗಳವಾಡದೆ ತಂತಿಗಳನ್ನು ಸುತ್ತಿಟ್ಟು, ಡ್ರಮ್ಮುಗಳನ್ನು ತಾವೇ ಹೊತ್ತು ಬಾಡಿಗೆಯ ಗಾಡಿಗೆ ತುಂಬಿದರು. ಅಕ್ಕನು ಒಂದು ಪೆಟ್ಟಿಗೆಯ ಹಿಡಿಯನ್ನು ತಾನೂ ಹಿಡಿದಳು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅಕ್ಕನು ನಮ್ಮನ್ನು ಮೂಲೆಗೆ ಕರೆದು, "ಹೇಳಿದೆಯೇನೋ ಅವನಿಗೆ?" ಎಂದಳು.

"ಇಲ್ಲ ಅಕ್ಕ. ಏನು ಹೇಳಬೇಕೋ ತಿಳಿಯಲಿಲ್ಲ" ಎಂದೆವು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, "ಹಾಡದೆ ಉಳಿದ ಆ ಒಂದು ಹಾಡು ಯಾವುದಂತೆ? ಕೇಳಿ ನೋಡು" ಎಂದಳು.

ನಾವು ಕೇಳಲಿಲ್ಲ, ಆಕೆಯೇ ಕೇಳಲಿ ಎಂದು ಬಿಟ್ಟೆವು. ಹಾಸಿಗೆಯಲ್ಲಿ ಮಲಗಿದ್ದಾಗ ಮುಂದಿನ ಕೋಣೆಯಿಂದ ಧ್ವನಿವರ್ಧಕವಿಲ್ಲದ ಗಿಟಾರಿನ ಮೆಲುದನಿ ಬಹಳ ಹೊತ್ತು ಕೇಳಿಬರುತ್ತಿತ್ತು, ಕೋಣೆಯ ಬಾಗಿಲು ತೆರೆದಿತ್ತು.

ಇದನ್ನು ಬರೆಯುವ ವೇಳೆಗೆ ಸಂಕ್ರಾಂತಿ ಕಳೆದಿದೆ. ಅಕ್ಕನು ಕಳುಹಿಸಿದ ಎಳ್ಳು ಬೆಲ್ಲದ ಡಬ್ಬಿಯೊಡನೆ ಒಂದು ಕಾಗದವೂ ಬಂದಿತು. ಅಳಿಯನು ಕಂಪನಿಗೆ ಮರಳಲಿಲ್ಲವಂತೆ. ಒಂದು ವರ್ಷದ ಗಡುವನ್ನು ತಾನೇ ಕೊಟ್ಟಿರುವುದಾಗಿಯೂ, ಅಷ್ಟರವರೆಗೆ ಮನೆಯ ಸಾಲದ ಕಂತಿಗೆ ಆತನು ತನ್ನ ಪಾಠದ ಹಣದಲ್ಲಿ ಅರ್ಧವನ್ನು ತಪ್ಪದೆ ಕೊಡತಕ್ಕದ್ದೆಂದೂ, ಭಾವನವರು ಇನ್ನೂ ಮುನಿಸಿಕೊಂಡೇ ಇದ್ದಾರೆಂದೂ ಬರೆದಿದ್ದಾಳೆ. ಕಾಗದದ ಅಂಚಿನಲ್ಲಿ ಬೇರೆ ಮಸಿಯಲ್ಲಿ ಇನ್ನೊಂದು ಸಾಲು: ಮುಂದಿನ ಡಿಸೆಂಬರಿಗೆ ಎರಡು ದಿನ ಮೊದಲೇ ಬನ್ನಿ, ಕರ್ಜಿಕಾಯಿ ಮಾಡಿ ಆ ಹುಡುಗರಿಗೆಲ್ಲ ಕೊಡಬೇಕು.