ಟೈಮಿಂಗ್ ಟೇಬಲ್‌ನ ಹಿಂದೆ ಕುಳಿತವರು

ಆಟೋಕ್ರಾಸ್ ಎಂದರೆ ಆಟೋರಿಕ್ಷಾಗಳ ಓಟ ಎಂದು ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಿಳಿದಿದ್ದಾರೆ. ಅಲ್ಲ, ಇದು ಕಾರುಗಳ ಸ್ಪರ್ಧೆ. ಬಯಲಿನಲ್ಲಿ ಕೋನ್‌ಗಳನ್ನಿಟ್ಟು ಸುತ್ತಿ ಬಳಸಿ ಹೋಗುವ ಒಂದು ದಾರಿ ಮಾಡುತ್ತಾರೆ. ಕಾರುಗಳು ಒಂದರ ಪಕ್ಕ ಒಂದು ಓಡುವುದಿಲ್ಲ, ಒಂದಾದ ಮೇಲೆ ಒಂದು ಹೋಗುತ್ತವೆ. ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ಚಿಕ್ಕಮಗಳೂರು, ಮೈಸೂರು ಕಡೆ ಕಾರು ಜೀಪುಗಳ ರ್‍ಯಾಲಿ ಹುಚ್ಚು ಹಳೆಯದು. ರ್‍ಯಾಲಿಗೆ ಬೇಕಾದಷ್ಟು ದುಡ್ಡು ಇಲ್ಲದವರು, ಮನೆಯ ಕಾರನ್ನೇ ತಂದು ಓಡಿಸುವವರು ಆಟೋಕ್ರಾಸ್‌ಗೆ ಬರುತ್ತಾರೆ.

ಕಬಡ್ಡಿಯಲ್ಲಿ ಯಾರು ಔಟಾದರು ಎಂದು ನೋಡುವವರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಹಾಗಿಲ್ಲ. ಮಣ್ಣು ಎಬ್ಬಿಸಿಕೊಂಡು, ಜೋರಾಗಿ ಶಬ್ದ ಮಾಡುತ್ತಾ ಹೋದ ಕಾರೇ ವೇಗವಾಗಿ ಹೋಯಿತು ಎಂದು ಜನ ಚಪ್ಪಾಳೆ ಹೊಡೆಯುತ್ತಾರೆ. ಅದು ಆರನೇ ಸ್ಥಾನದಲ್ಲಿರುತ್ತದೆ. ಗೆಲುವು ಕಾಣುವುದು ಒಂದೇ ಕಡೆ, ಶಾಮಿಯಾನದ ಕೆಳಗಿನ ಟೈಮಿಂಗ್ ಟೇಬಲ್‌ನಲ್ಲಿ. ಆ ಟೇಬಲ್‌ನ ಹಿಂದೆ ಕುಳಿತಿರುವವರು ಸಂಬಳವಿಲ್ಲದ ಸ್ವಯಂಸೇವಕರು. ಕಳೆದ ಸ್ಪರ್ಧೆಯಲ್ಲಿ ಅವರಲ್ಲಿ ಇಬ್ಬರು ನಮ್ಮ ಕಾಲೇಜಿನವರು, ನಾನು ಮತ್ತು ನನ್ನ ಪಕ್ಕದ ಬೆಂಚಿನ ಗೆಳತಿ.

ನನ್ನ ಮಾಮುವಿಗೆ ಇನ್ವರ್ಟರ್, ಆಂಪ್ಲಿಫೈಯರ್ ರಿಪೇರಿಯ ಅಂಗಡಿ ಇದೆ. ಕ್ಲಬ್ಬಿನವರ ಟೈಮಿಂಗ್ ಸೆಟ್ಟಿನ ವೈರು, ಬ್ಯಾಟರಿ ಅವರ ಹತ್ತಿರವೇ ರಿಪೇರಿಗೆ ಬರುತ್ತವೆ. "ಇಡೀ ದಿನ ಮೊಬೈಲ್ ನೋಡದೆ ಕೂರುವ ಮಕ್ಕಳು ಯಾರಾದರೂ ಇದ್ದಾರಾ?" ಎಂದು ಅವರು ಕೇಳಿದರಂತೆ. ಮಾಮು ಮನೆಗೆ ಬಂದು ನನ್ನ ಹೆಸರು ಹೇಳಿದರು. ಅಮ್ಮಿ ಚಪಾತಿ ಲಟ್ಟಿಸುತ್ತಲೇ "ರೇಸ್ ಗೀಸ್ ನಕ್ಕೊ" ಎಂದರು. ಅಬ್ಬು ಮಾತ್ರ "ಲೆಕ್ಕ ಬರೆಯುವ ಕೆಲಸವಾ? ಹಾಗಾದರೆ ಹೋಗಲಿ" ಎಂದರು. ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ. ಅದು ಆ ದಿನ ಉಪಯೋಗಕ್ಕೆ ಬಂತು.

ಸ್ಪರ್ಧೆ ಭಾನುವಾರ, ತರಬೇತಿ ಅದರ ಹಿಂದಿನ ಶನಿವಾರ. ಕಲಿಸಿದ ಸರ್ ದೂರವಾಣಿ ಇಲಾಖೆಯಿಂದ ನಿವೃತ್ತರಾದವರು. ಬಂದಿದ್ದವರು ನಾವು ಆರು ಜನ, ಮೂರು ಸೈಕಲ್. ಯಂತ್ರದ ಪೆಟ್ಟಿಗೆಯನ್ನು ಅವರು ಒಂದು ಗಂಟೆ ತೆರೆಯಲೇ ಇಲ್ಲ. ಎಲ್ಲರ ಕೈಗೂ ಸ್ಟಾಪ್‌ವಾಚ್ ಕೊಟ್ಟು, ಒಬ್ಬ ಹುಡುಗ ಸೈಕಲ್ಲಿನಲ್ಲಿ ಮೈದಾನ ಸುತ್ತಿ ಬರುವುದನ್ನು ಅಳೆಯಲು ಹೇಳಿದರು. ಒಂದೇ ಸೈಕಲ್, ಒಂದೇ ಸುತ್ತು, ಐದು ಜನ ಅಳೆದವರು, ಐದು ಉತ್ತರ. ಅತಿ ಕಡಿಮೆಗೂ ಅತಿ ಹೆಚ್ಚಿಗೂ 0.3 ಸೆಕೆಂಡ್ ವ್ಯತ್ಯಾಸ. "ಯಾರದ್ದು ಸರಿ?" ಎಂದು ಕೇಳಿದರು. ಎಲ್ಲರೂ ತಮ್ಮದೇ ಎಂದೆವು.

ಆಮೇಲೆ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಬರೆದರು. ಗಂಟೆಗೆ 36 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. 0.3 ಸೆಕೆಂಡ್ ಎಂದರೆ 3 ಮೀಟರ್, ಹತ್ತಿರ ಹತ್ತಿರ ಒಂದು ಕಾರಿನ ಉದ್ದ. ಯಂತ್ರ ಒಂದು ಸೆಕೆಂಡಿನ ಸಾವಿರದ ಒಂದು ಭಾಗವನ್ನು ಬರೆಯುತ್ತದೆ. ಅಷ್ಟು ಹೊತ್ತಿನಲ್ಲಿ ಅದೇ ಕಾರು ಹೋಗುವುದು 1 ಸೆಂಟಿಮೀಟರ್. ನಮ್ಮ ಬೆರಳಿಗೂ ಯಂತ್ರಕ್ಕೂ ಎಷ್ಟು ದೂರ ಎಂದು ಆಗ ಅರ್ಥವಾಯಿತು.

ಯಂತ್ರ ನೋಡಲು ಸಾಧಾರಣವಾಗಿದೆ. ದಾರಿಯ ಒಂದು ಬದಿ ಟ್ರೈಪಾಡ್ ಮೇಲೆ ಸೆನ್ಸರ್, ಇನ್ನೊಂದು ಬದಿ ರಿಫ್ಲೆಕ್ಟರ್. ಎರಡರ ನಡುವೆ ಕಣ್ಣಿಗೆ ಕಾಣದ ಬೆಳಕಿನ ಕಿರಣ. ಕಾರು ಅದನ್ನು ಕಡಿದಾಗ ಗಡಿಯಾರ ಶುರು. ಫಿನಿಶ್‌ನಲ್ಲೂ ಇಂಥದ್ದೇ ಜೋಡಿ, ಅಲ್ಲಿ ಕಡಿದರೆ ಗಡಿಯಾರ ನಿಲ್ಲುತ್ತದೆ. ಮುಂದಿನ ಚಕ್ರ ಕಡಿದ ಮೇಲೆ ಹಿಂದಿನ ಚಕ್ರವೂ ಕಡಿಯುತ್ತದಲ್ಲ, ಅದನ್ನು ಇನ್ನೊಂದು ಕಾರು ಎಂದು ತಿಳಿಯಬಾರದು. ಅದಕ್ಕಾಗಿ ಒಮ್ಮೆ ಕಡಿದ ಮೇಲೆ ಸ್ವಲ್ಪ ಹೊತ್ತು ಯಂತ್ರ ಕಿವುಡಾಗಿರುವಂತೆ ಹೊಂದಿಸಿರುತ್ತಾರೆ. ಕಿರಣದ ಎತ್ತರ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಇರಬೇಕು. ಬಂಪರಿಗೆ ತಾಗುವ ಎತ್ತರ ಬೇರೆ, ಚಕ್ರಕ್ಕೆ ತಾಗುವ ಎತ್ತರ ಬೇರೆ. ನಡುವೆ ಬದಲಾದರೆ ಬೆಳಿಗ್ಗೆ ಓಡಿದವರಿಗೂ ಮಧ್ಯಾಹ್ನ ಓಡಿದವರಿಗೂ ಒಂದೇ ಅಳತೆ ಆಗುವುದಿಲ್ಲ. ಸಂಜೆಯ ಬಿಸಿಲು ನೇರವಾಗಿ ಸೆನ್ಸರಿನ ಕಣ್ಣಿಗೆ ಬೀಳದಂತೆ ಅದನ್ನು ತಿರುಗಿಸಿಡಬೇಕು. ದಟ್ಟ ಧೂಳು, ದಾಟಿ ಹೋಗುವ ನಾಯಿ, ಫೋಟೋ ತೆಗೆಯಲು ಬರುವ ಅಣ್ಣಂದಿರು, ಯಾರು ಬೇಕಾದರೂ ಕಿರಣ ಕಡಿಯಬಹುದು. ಯಂತ್ರಕ್ಕೆ ಕಾರೂ ಒಂದೇ ನಾಯಿಯೂ ಒಂದೇ.

ನಂತರ ಸಂಖ್ಯೆಗಳ ಪಾಠ. ನಮ್ಮ ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ಚೆನ್ನಾಗಿ ಗೊತ್ತು. ಉನ್ನೀಸ್ ಎಂದರೆ 19, ಉಂತೀಸ್ ಎಂದರೆ 29. ವಾಕಿಟಾಕಿಯ ಗೊರಗೊರದಲ್ಲಿ ಎರಡೂ ಒಂದೇ ತರ ಕೇಳುತ್ತವೆ. ಇಂಗ್ಲಿಷಿನ ತರ್ಟೀನ್, ತರ್ಟಿ ಕೂಡ ಹಾಗೇ. ಸರ್ ಹೇಳಿದ ನಿಯಮ ಸುಲಭ. ಯಾವ ಭಾಷೆಯೇ ಇರಲಿ, ಅಂಕಿ ಬಿಡಿಬಿಡಿಯಾಗಿ ಹೇಳಿ, ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಿ. "ಎರಡು, ಒಂಬತ್ತು, ಸ್ಟಾರ್ಟಿಗೆ ಬಂತು." "ಎರಡು, ಒಂಬತ್ತು, ಸರಿ." ಈಗ ಅಬ್ಬು ಫೋನಿನಲ್ಲಿ ಗ್ಯಾಸ್ ಬುಕ್ಕಿಂಗ್ ನಂಬರ್ ಹೇಳುವಾಗಲೂ ನಾನು ತಿರುಗಿ ಹೇಳಿಸುತ್ತೇನೆ. ಅವರಿಗೆ ಬೇಸರ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಲಿಸಿದ್ದು ನಿಂತುಹೋದ ಕಾರಿನ ವಿಷಯ. ಸಮಯ ಉಳಿಸಲು, ಒಂದು ಕಾರು ಅರ್ಧ ದಾರಿ ಮುಗಿಸಿದ ಮೇಲೆ ಇನ್ನೊಂದನ್ನು ಬಿಡುತ್ತಾರೆ. ಆಗ ಮೈದಾನದಲ್ಲಿ ಎರಡು ಕಾರು, ಯಂತ್ರದಲ್ಲಿ ಎರಡು ಗಡಿಯಾರ. ಮೊದಲು ಹೊರಟವನೇ ಮೊದಲು ಬರುತ್ತಾನೆ ಎಂದು ಯಂತ್ರ ನಂಬಿರುತ್ತದೆ. ಬಿ.ಕಾಂ. ಓದುತ್ತಿರುವ ನನ್ನ ಖಾಲಾನ ಮಗಳು ಇದನ್ನು ಕೇಳಿ "ಇದು ನಮ್ಮ ಸ್ಟಾಕ್ ಲೆಕ್ಕದ ಫಿಫೋ, ಮೊದಲು ಬಂದದ್ದು ಮೊದಲು ಹೊರಗೆ" ಎಂದಳು. ಈಗ ಮೊದಲ ಕಾರು ನಡುದಾರಿಯಲ್ಲಿ ಬಂದ್ ಬಿತ್ತು ಎನ್ನಿ. ಎರಡನೆಯದು ಫಿನಿಶ್ ದಾಟುತ್ತದೆ. ಯಂತ್ರ ಆ ಕಾಲವನ್ನು ಮೊದಲ ಕಾರಿನ ಲೆಕ್ಕಕ್ಕೆ ಹಾಕುತ್ತದೆ. ಮೂರನೆಯದರ ಫಿನಿಶ್ ಎರಡನೆಯದಕ್ಕೆ, ನಾಲ್ಕನೆಯದು ಮೂರನೆಯದಕ್ಕೆ. ಯಾರೂ ಗಮನಿಸದಿದ್ದರೆ ಸಂಜೆಯವರೆಗೆ ಎಲ್ಲರ ಕಾಲವೂ ಪಕ್ಕದವರ ಹೆಸರಿನಲ್ಲಿ.

ಇದಕ್ಕೆ ಮದ್ದು ಒಂದೇ ಗುಂಡಿ, ನಿಂತ ಕಾರನ್ನು ಸಾಲಿನಿಂದ ತೆಗೆಯುವ ಗುಂಡಿ. ಆದರೆ ಎರಡನೆಯ ಕಾರು ಫಿನಿಶ್ ಮುಟ್ಟುವ ಮೊದಲೇ ಒತ್ತಬೇಕು. ಸರ್ ಸೈಕಲ್ ಹುಡುಗರಿಗೆ ಗುಟ್ಟಾಗಿ ಹೇಳಿಟ್ಟಿದ್ದರು. ಅವರು ಬೇಕೆಂದೇ ಮರದ ಹಿಂದೆ ನಿಂತುಬಿಡುತ್ತಿದ್ದರು. ಒಮ್ಮೆ ಸರ್ ಸ್ವತಃ ತಮ್ಮ ಚಪ್ಪಲಿಯನ್ನು ಕಿರಣದೊಳಗೆ ಎಸೆದರು. ನಾವು ನಗುತ್ತಿದ್ದೆವು, ಅವರು ನಗಲಿಲ್ಲ. "ಈ ಕಾಲ ಯಾರ ಹೆಸರಲ್ಲಿ ಹೋಯಿತು ಹೇಳಿ" ಎಂದರು. ಹತ್ತು ಹನ್ನೆರಡು ಸಲ ಹೀಗೆ ಆಯಿತು.

ಕೊನೆಯದು ಹಾಳೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಒಬ್ಬರು ಕೈಯಲ್ಲಿ ಬರೆಯಲೇಬೇಕು. ಕಾರಿನ ಸಂಖ್ಯೆ, ಯಂತ್ರದ ಕಾಲ, ಕೆಡವಿದ ಕೋನ್‌ಗಳು, ಒಟ್ಟು, ಎಲ್ಲಕ್ಕೂ ಬೇರೆ ಬೇರೆ ಕಾಲಂ. ಕೋನ್ ಕೆಡವಿದರೆ ದಂಡ ಉಂಟು. ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಆಟೋಕ್ರಾಸ್‌ನಲ್ಲಿ ಕೋನ್ ಒಂದಕ್ಕೆ 2 ಸೆಕೆಂಡ್. (ಅಲ್ಲಿ ಕಾರು ಓಡಿಸಲು ಬಂದವರೇ ತಮ್ಮ ಸರದಿ ಇಲ್ಲದಾಗ ಕೋನ್ ಎತ್ತುವ, ಕಾಲ ಬರೆಯುವ ಕೆಲಸ ಮಾಡಬೇಕಂತೆ. ನಮ್ಮವರಿಗೂ ಈ ನಿಯಮ ಬಂದರೆ ಟೇಬಲ್ ಹತ್ತಿರ ಜಗಳ ಕಡಿಮೆಯಾದೀತು.) ದಂಡವನ್ನು ಯಂತ್ರದ ಕಾಲದ ಜೊತೆ ಮನಸ್ಸಿನಲ್ಲೇ ಕೂಡಿಸಿ ಬರೆಯಕೂಡದು. ರಬ್ಬರ್ ಬಳಸಕೂಡದು. ಬದಲಿಸಬೇಕಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಪ್ರಥಮ ಪಿಯುಸಿಯಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡುವಾಗ, ಕ್ಯಾಶ್ ಬುಕ್ಕೂ ಪಾಸ್ ಬುಕ್ಕೂ ಏಕೆ ಎರಡೂ ಬೇಕು ಎಂದು ನಾನು ಗೊಣಗಿದ್ದೆ. ಇಲ್ಲಿ ಅದರ ಉತ್ತರ ಸಿಕ್ಕಿತು. ಪ್ರತಿ ಹತ್ತು ಕಾರಿಗೊಮ್ಮೆ ಯಂತ್ರದ ಪಟ್ಟಿಯನ್ನೂ ಕೈಬರಹದ ಹಾಳೆಯನ್ನೂ ತಾಳೆ ನೋಡುತ್ತಿದ್ದೆವು.

ಭಾನುವಾರ ಹನ್ನೊಂದರ ಹೊತ್ತಿಗೆ 17ನೇ ಕಾರು ಎರಡನೇ ತಿರುವಿನಲ್ಲಿ ಬಂದ್ ಬಿತ್ತು. ಹಿಂದೆ 31 ಹೊರಟಾಗಿತ್ತು. "ಒಂದು, ಏಳು, ನಿಂತಿದೆ" ಎಂದು ವಾಕಿಟಾಕಿ ಹೇಳಿತು. ನನ್ನ ಗೆಳತಿ ತಿರುಗಿ ಹೇಳುತ್ತಲೇ ಗುಂಡಿ ಒತ್ತಿದಳು. 31 ಬಂತು, 31ರ ಹೆಸರಿನಲ್ಲೇ ಕಾಲ ಬಿತ್ತು. ಯಾರಿಗೂ ಏನೂ ಗೊತ್ತಾಗಲಿಲ್ಲ, ಚಪ್ಪಾಳೆಯೂ ಬರಲಿಲ್ಲ. ನಾವಿಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಧ್ಯಾಹ್ನದ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಫಿನಿಶ್ ಹತ್ತಿರ ನಿಂತಿದ್ದ ಇಬ್ಬರು ಶನಿವಾರ ಬಂದವರಲ್ಲ. ಬೆಳಿಗ್ಗೆ ಯಾರೋ ಅವರಿಗೆ ಟೋಪಿ ಕೊಟ್ಟು "ಇಲ್ಲಿ ನಿಂತ್ಕೊಳ್ಳಿ, ಯಾರನ್ನೂ ಬಿಡಬೇಡಿ" ಎಂದಿದ್ದರು, ಅಷ್ಟೇ. ಅವರು ಯಾರನ್ನೂ ಬಿಡಲಿಲ್ಲ, ಆ ಕೆಲಸ ಸರಿಯಾಗಿಯೇ ಮಾಡಿದರು. ಆದರೆ ಕಾರುಗಳು ಓಡಿ ಓಡಿ ಮಣ್ಣು ಸಡಿಲವಾಗಿ ಟ್ರೈಪಾಡಿನ ಒಂದು ಕಾಲು ನಿಧಾನಕ್ಕೆ ಕುಸಿಯುತ್ತಿತ್ತು. ಅದನ್ನು ನೋಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಿರಣ ರಿಫ್ಲೆಕ್ಟರ್ ತಪ್ಪಿತು. ಒಂದು ಹಳೆಯ ಬಿಳಿ ಕಾರು ತುಂಬ ಚೆನ್ನಾಗಿ ಓಡಿ ಫಿನಿಶ್ ದಾಟಿತು. ಗಡಿಯಾರ ನಿಲ್ಲಲೇ ಇಲ್ಲ.

ನನ್ನ ಕೈಯ ಸ್ಟಾಪ್‌ವಾಚ್‌ನಲ್ಲಿ 58.31 ಇತ್ತು. ಬೆಳಿಗ್ಗೆಯಿಂದ ತಾಳೆ ನೋಡಿದ್ದರಲ್ಲಿ ನನ್ನ ಕೈ ಯಂತ್ರಕ್ಕಿಂತ ಸರಾಸರಿ 0.18 ಸೆಕೆಂಡ್ ಕಡಿಮೆ ತೋರಿಸುತ್ತಿತ್ತು. ದೂರದ ಸ್ಟಾರ್ಟ್ ಕಂಡ ಮೇಲೆ ಬೆರಳು ಒತ್ತುತ್ತದೆ. ಎದುರಿನ ಫಿನಿಶ್‌ಗೆ ಕಾರು ಬರುವುದು ಮೊದಲೇ ಕಾಣುವುದರಿಂದ ತಡವಾಗುವುದಿಲ್ಲ. ಓಟದ ಸ್ಪರ್ಧೆಗಳಲ್ಲೂ, ಕೈಯಲ್ಲಿ ಅಳೆದ 100 ಮೀಟರ್ ಕಾಲಕ್ಕೆ 0.24 ಸೆಕೆಂಡ್ ಕೂಡಿಸಿ ಹೋಲಿಸುವ ಪದ್ಧತಿ ಇದೇ ಕಾರಣಕ್ಕೆ ಬಂದದ್ದು. ಕೂಡಿಸಿದರೆ 58.49. ಆಗ ಎರಡನೇ ಸ್ಥಾನದಲ್ಲಿದ್ದ ಕಾಲ 58.611.

ಲೆಕ್ಕವನ್ನು ಹಾಳೆಯಲ್ಲಿ ಬರೆದು ಅಧಿಕಾರಿಗಳ ಮುಂದಿಟ್ಟೆವು. ತೀರ್ಮಾನ ನಮ್ಮದಲ್ಲ, ಅವರದು. ಅವರು ಇನ್ನೊಮ್ಮೆ ಓಡಿಸಲು ಅವಕಾಶ ಕೊಟ್ಟರು. ಅಷ್ಟು ಹೊತ್ತಿಗೆ ದಾರಿಯಲ್ಲಿ ಗುಂಡಿ ಬಿದ್ದಿತ್ತು, ಟೈರೂ ಸವೆದಿತ್ತೋ ಏನೋ. 59.274 ಬಂತು. ಮೂರನೇ ಸ್ಥಾನ.

ಆ ಕಾರಿನವರು ನೇರ ಟೇಬಲ್‌ಗೆ ಬಂದರು. "ಯಾರಮ್ಮ ಟೈಂ ಬರೆದಿದ್ದು?" ಎಂದರು. ನಾನು ಎಂದೆ. ಹಾಳೆ ಅವರ ಕಡೆ ತಿರುಗಿಸಿದೆ. ಸಾಲು ಸಾಲಾಗಿ ಓದಿದರು, 58.31, 0.18, ಮರು ಓಟ, ಸಹಿ. ನನ್ನ ವಯಸ್ಸು ಕೇಳಲಿಲ್ಲ, ಬೈಯಲೂ ಇಲ್ಲ. "ಬರೆದಿದ್ದು ಸರಿ ಇದೆ. ಆದರೆ ಮೆಷಿನ್ ನಿಮ್ಮದು, ನಷ್ಟ ನಂದು" ಎಂದು ಹೇಳಿ ಹೋದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮರು ಓಟದ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ. 58.49ಕ್ಕೂ 58.611ಕ್ಕೂ ಇರುವ ಅಂತರ 0.12. ಶನಿವಾರ ನಮ್ಮ ಐದು ಕೈಗಳ ನಡುವೆಯೇ 0.3 ಇತ್ತು. ಅಂಥ ಅಳತೆಯ ಮೇಲೆ ಇನ್ನೊಬ್ಬರ ಸ್ಥಾನ ಕಿತ್ತುಕೊಳ್ಳಲು ಆಗುವುದಿಲ್ಲ. ಆದರೂ ಅವರು ಚೆನ್ನಾಗಿ ಓಡಿದ ಆ ಒಂದು ಸುತ್ತು ಯಾವ ಪಟ್ಟಿಯಲ್ಲೂ ಇಲ್ಲ. ಒಬ್ಬರು ಪ್ರತಿ ಹತ್ತು ಕಾರಿಗೊಮ್ಮೆ ಟ್ರೈಪಾಡಿನ ಕಾಲು ಮುಟ್ಟಿ ನೋಡಿದ್ದರೆ ಇರುತ್ತಿತ್ತು.

ಸಾಮಾನು ಕಟ್ಟುವಾಗ ಸರ್ ಹತ್ತಿರ ಇದನ್ನೇ ಹೇಳಿದೆ. ಟೇಬಲ್‌ನವರಿಗೆ ಒಂದು ದಿನ, ಫಿನಿಶ್‌ನವರಿಗೆ ಒಂದು ಟೋಪಿ, ಇದು ಯಾವ ನ್ಯಾಯ ಎಂದು. "ಭಾನುವಾರ ಬರುವವರು ಶನಿವಾರ ಬರಲ್ಲಮ್ಮ" ಎಂದರು. ಸೂಚನೆಗಳಿರುವ ಪುಸ್ತಕವೋ ಪೂರ್ತಿ ಇಂಗ್ಲಿಷ್. ಹಾಗಾಗಿ ನಾನೂ ಗೆಳತಿಯೂ ಸೇರಿ ಕನ್ನಡದಲ್ಲಿ ಒಂದು ಹಾಳೆ ಮಾಡಿದ್ದೇವೆ. ಒಂದು ಬದಿ ಟೇಬಲ್‌ನವರಿಗೆ, ಇನ್ನೊಂದು ಬದಿ ಸ್ಟಾರ್ಟ್ ಮತ್ತು ಫಿನಿಶ್‌ನವರಿಗೆ, ಟ್ರೈಪಾಡಿನ ಚಿತ್ರ ಸಮೇತ. ಕನ್ನಡ ಮೇಡಂ ಕಾಗುಣಿತ ತಿದ್ದಿಕೊಟ್ಟರು. ಮಾಮು ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದರು.

ಮಾರ್ಚ್‌ನಲ್ಲಿ ನಮಗೆ ಬೋರ್ಡ್ ಪರೀಕ್ಷೆ, ಆದ್ದರಿಂದ ಮುಂದಿನ ಸ್ಪರ್ಧೆಗೆ ನಾವಿಬ್ಬರೂ ಕೂರುವುದಿಲ್ಲ. ಪ್ರಥಮ ಪಿಯುಸಿಯ ನಾಲ್ವರು ಹೆಸರು ಕೊಟ್ಟಿದ್ದಾರೆ, ಫಿನಿಶ್‌ಗೆ ಇನ್ನೂ ಇಬ್ಬರು ಬೇಕು. ಕಾಮರ್ಸೇ ಆಗಬೇಕೆಂದಿಲ್ಲ, ಸೈನ್ಸಿನವರೂ ಬರಬಹುದು. ಶನಿವಾರ ಜೋಹರ್ ನಮಾಜಿನ ನಂತರ ಕಾಲೇಜು ಮೈದಾನದಲ್ಲಿ ತರಬೇತಿ. ಸೈಕಲ್ ಇದ್ದವರು ತನ್ನಿ. ಸರ್ ಚಪ್ಪಲಿ ಎಸೆದಾಗ ನಗಬೇಡಿ, ಯಾರ ಹೆಸರಲ್ಲಿ ಹೋಯಿತು ಎಂದು ನೋಡಿ.