ಒಂಬತ್ತು ದಿನ ತಡವಾದ ವಹಿ

ಶಾಲೆಯ ನಿಯಮಾವಳಿಯು ಹೊರಗಿನವರಿಗೆ ನೀರಸವಾದ ಸಂಗತಿಯಾಗಿ ತೋರುವದು. ಇಂತಿಷ್ಟು ದಿನ ಹಾಜರಿರತಕ್ಕದ್ದು, ಇಂಥ ದಿನದೊಳಗೆ ವಹಿಯನ್ನು ಒಪ್ಪಿಸತಕ್ಕದ್ದು, ಪರರು ಬರೆದದ್ದನ್ನು ತನ್ನದೆಂದು ತೋರಿಸತಕ್ಕದ್ದಲ್ಲ. ಪ್ರೌಢಶಾಲೆಯ ಸಕಲ ಕಟ್ಟಳೆಗಳೂ ಕಟ್ಟಕಡೆಗೆ ಈ ಮೂರು ಮಾತುಗಳಲ್ಲಿ ಅಡಗುವವು. ಪ್ರತಿ ವರ್ಷವೂ ಜೂನ್ ತಿಂಗಳ ಮೊದಲ ವಾರದಲ್ಲಿ ಇವನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವು ಕನ್ನಡ ಕಲಿಸುತ್ತಿದ್ದ ನನ್ನ ಪಾಲಿಗೆ ಬರುತ್ತಿದ್ದಿತು. ನನ್ನ ಧ್ವನಿ ದೊಡ್ಡದೆಂಬದಷ್ಟೇ ಅದಕ್ಕೆ ಕಾರಣ. ಮೂರು ನಿಯಮಗಳೂ ಒಂದೇ ತಾಯಿಯ ಮಕ್ಕಳೆಂದು ನಾನು ಬಹುಕಾಲ ನಂಬಿದ್ದೆನು. ಅವು ದಾಯಾದಿಗಳೂ ಆಗಬಲ್ಲವೆಂಬದು ತಿಳಿದದ್ದು ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, 2017ರಲ್ಲಿ, ಆಡೂರ ಕಡೆಯ ಒಬ್ಬ ಹುಡುಗನ ವಹಿಯಿಂದ. ಆಡೂರೆಂದರೆ ಇತಿಹಾಸ ಬಲ್ಲವರಿಗೆ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನವು ನೆನಪಿಗೆ ಬರುವದು. ನನಗಾದರೋ ಆ ವಹಿಯೇ ಮೊದಲು ನೆನಪಾಗುವದು.

ನಾನು ಕಲಿತದ್ದು ಸಂಸ್ಕೃತ ಪಾಠಶಾಲೆಯಲ್ಲಿ. ಅಲ್ಲಿ ರಜೆಗಾಗಿ ಅರ್ಜಿ ಬರೆಯುವ ರೂಢಿಯಿರಲಿಲ್ಲ. ರಜೆಯನ್ನು ಚಂದ್ರನೇ ಕೊಡುತ್ತಿದ್ದನು. ಪಾಡ್ಯ, ಅಷ್ಟಮಿ, ಚತುರ್ದಶಿ, ಅಮಾವಾಸ್ಯೆ, ಹುಣ್ಣಿಮೆಗಳು ಅನಧ್ಯಾಯದ ದಿನಗಳು. ಧರ್ಮಸೂತ್ರಗಳನ್ನೂ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವನ್ನೂ ನೋಡಿದವರಿಗೆ ಈ ಪಟ್ಟಿಯು ಎಷ್ಟು ಉದ್ದವೆಂಬದು ಗೊತ್ತಿದೆ: ಅಕಾಲದಲ್ಲಿ ಗುಡುಗಿದರೆ ಪಾಠವಿಲ್ಲ, ಧೂಳಿನ ಗಾಳಿ ಎದ್ದರೆ ಇಲ್ಲ, ನರಿ ಕೂಗಿದರೆ ಇಲ್ಲ, ಊರಲ್ಲಿ ಹೆಣವಿದ್ದರೆ ಇಲ್ಲ. ಗೈರುಹಾಜರಿಗೆ ಇಷ್ಟೊಂದು ಉದಾರವಾದ ನಿಯಮಗಳನ್ನು ಮಾಡಿದ ಆ ಋಷಿಗಳು ಸುಗ್ಗಿಯನ್ನು ಮಾತ್ರ ಆ ಪಟ್ಟಿಯಲ್ಲಿ ಕಾಣಿಸಿದ್ದು ನನಗೆ ನೆನಪಿಲ್ಲ. ಕೊಯ್ಯುವವರ ಮಕ್ಕಳು ತಮ್ಮ ಪಾಠಶಾಲೆಗೆ ಬರುವರೆಂಬ ಕಲ್ಪನೆಯೇ ಅವರಿಗೆ ಇರಲಿಲ್ಲವೆಂದು ತೋರುವದು.

ಪಾಠ ಒಪ್ಪಿಸುವದಕ್ಕೆ ಅಲ್ಲಿ ಗಡುವೂ ಇರಲಿಲ್ಲ. ಅಮರಕೋಶದ ಒಂದು ವರ್ಗವನ್ನು ಒಪ್ಪಿಸುವ ವರೆಗೆ ಮುಂದಿನ ವರ್ಗವಿಲ್ಲ. ಎಂಟು ದಿನ ಹಿಡಿದವನಿಗೆ ಎಂಟು ದಿನ, ತಿಂಗಳು ಹಿಡಿದವನಿಗೆ ತಿಂಗಳು. ಕದಿಯುವ ಮಾತಂತೂ ದೂರವೇ ಉಳಿಯಿತು, ನೆರೆಯವನ ನಾಲಿಗೆಯ ಮೇಲಿನದನ್ನು ಕದ್ದು ತನ್ನ ನಾಲಿಗೆಯಿಂದ ಹೇಳಲು ಯಾರಿಗೂ ಬಾರದು. ಹಿಂದಕ್ಕೆ ಮಿಥಿಲೆಯಲ್ಲಿ ಶಲಾಕಾ ಪರೀಕ್ಷೆಯೆಂದು ಇದ್ದಿತು. ತಾಳೆಯೋಲೆಯ ಕಟ್ಟಿನೊಳಗೆ ಕಡ್ಡಿಯನ್ನು ಚುಚ್ಚಿ, ಅದರ ತುದಿಯು ತಗಲಿದ ಗರಿಯ ವಿಷಯವನ್ನೇ ಪರೀಕ್ಷಕರು ಕೇಳುತ್ತಿದ್ದರು. ಅದಕ್ಕೆ ಮೇಲ್ವಿಚಾರಕರೂ ಬೇಡ, ಜಾಗೃತ ದಳವೂ ಬೇಡ. ಹೀಗೆಂದು ನಾನು ಆ ಪದ್ಧತಿಯನ್ನು ಹೊಗಳಲು ಹೊರಟಿಲ್ಲ. ಒಬ್ಬ ಗುರುವಿಗೆ ಹನ್ನೆರಡು ಹುಡುಗರು, ಎಲ್ಲರೂ ಹೆಚ್ಚುಕಡಿಮೆ ಒಂದೇ ತೆರನಾದ ಮನೆಗಳವರು, ಹೆಣ್ಣು ಹುಡುಗಿ ಒಬ್ಬಳೂ ಇಲ್ಲ. ಅಂಥಲ್ಲಿ ಪ್ರಾಮಾಣಿಕರಾಗಿರುವದು ದೊಡ್ಡ ಮಾತಲ್ಲ.

ಪ್ರೌಢಶಾಲೆಯ ಸಂಗತಿಯೇ ಬೇರೆ. ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡ್ರಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಬೇಕು. ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಕಳೆದ ದಶಕದ ನಡುವಿನಿಂದ, ಪ್ರಥಮ ಭಾಷೆಯಲ್ಲಿ 25 ಅಂಕಗಳನ್ನೂ ಉಳಿದವುಗಳಲ್ಲಿ 20 ಅಂಕಗಳನ್ನೂ ಶಾಲೆಯ ಶಿಕ್ಷಕರೇ ಕೊಡುವ ಏರ್ಪಾಡಾಯಿತು. ವರ್ಷದಲ್ಲಿ ನಾಲ್ಕು ಸಲ ಚಟುವಟಿಕೆ, ಯೋಜನೆ, ಕಿರುಪರೀಕ್ಷೆಗಳನ್ನು ನಡೆಸಿ ಸರಾಸರಿ ತೆಗೆಯಬೇಕು. ಯೋಚನೆಯು ಒಳ್ಳೆಯದೇ. ಮೂರು ತಾಸಿನ ಬರಹದಿಂದ ಅಳೆಯಲು ಬಾರದ ಗುಣಗಳನ್ನು ನಿತ್ಯ ಕಾಣುವವನು ಅಳೆಯಲಿ ಎಂಬದು ಅದರ ಆಶಯ. ಆದರೆ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟೊಡನೆ ನಾವು ಮಾಡಿದ್ದೇನೆಂದರೆ, ಎಲ್ಲರಿಗೂ ತೂಕವನ್ನು ತುಂಬಿಸಿ ಕೊಟ್ಟೆವು. ಪಕ್ಕದ ಶಾಲೆಯವರು 24 ಕೊಡುವಾಗ ನಮ್ಮ ಮಕ್ಕಳಿಗೆ 18 ಕೊಟ್ಟು ಅನ್ಯಾಯ ಮಾಡುವದೆಂತು, ಎಂಬ ಮಾತು ಶಿಕ್ಷಕರ ಕೋಣೆಯಲ್ಲಿ ಒಮ್ಮೆ ಹುಟ್ಟಿತೆಂದರೆ ಅದನ್ನು ಸಾಯಿಸುವದು ಕಷ್ಟ.

ಆ ವರ್ಷ ದೀಪಾವಳಿ ಮುಗಿದೊಡನೆ ನಾನು ಹತ್ತನೆಯ ವರ್ಗದ 42 ಜನರಿಗೂ ಒಂದು ಯೋಜನೆಯನ್ನು ಕೊಟ್ಟೆನು: ತಮ್ಮ ತಮ್ಮ ಊರಿನ ಒಕ್ಕಲುತನದ ಪದಗಳನ್ನು ಕೂಡಿಹಾಕಿ, ಅರ್ಥವನ್ನು ಬರೆದು, ನವೆಂಬರ್ 15ಕ್ಕೆ ಒಪ್ಪಿಸಬೇಕು. ಕಾಲವನ್ನು ಆರಿಸಿದ್ದರಲ್ಲಿಯೇ ನನ್ನ ಅವಿವೇಕವಿದ್ದಿತು. ನಮ್ಮ ಹಾನಗಲ್ಲ ಸೀಮೆಯಲ್ಲಿ ಬಲಿಪಾಡ್ಯಮಿ ಕಳೆಯಿತೆಂದರೆ ಊರೂರಿಗೆ ಹೋರಿ ಬೆದರಿಸುವ ಹಬ್ಬ; ಕೊಬ್ಬರಿಯ ಹಾರ ಕಟ್ಟಿದ ಹೋರಿಗಳು ಓಡುವ ದಿನ ಗಂಡು ಹುಡುಗರ ಬೆಂಚುಗಳು ಬರಿದೇ ಇರುವವು. ಅದೇ ಹೊತ್ತಿಗೆ ಗೋವಿನಜೋಳದ ಮುರಿಗೆ, ಹತ್ತಿಯ ಬಿಡಿಸುವಿಕೆ. ಹಬ್ಬಕ್ಕೆ ಹೋದವನು ಮರುದಿನ ಹೊಟ್ಟೆನೋವೆಂದು ಚೀಟಿ ತರುತ್ತಿದ್ದನು. ನಾವು ನಗುತ್ತ ಇಟ್ಟುಕೊಳ್ಳುತ್ತಿದ್ದೆವು. ಕೂಲಿಗೆ ಹೋದವನು ಚೀಟಿಯನ್ನೇ ತರುತ್ತಿರಲಿಲ್ಲ. ಜ್ವರಕ್ಕಾದರೆ ವೈದ್ಯರ ಬರಹವುಂಟು, ಸುಗ್ಗಿಗೆ ಯಾರ ಬರಹ?

ಗಡುವಿನ ದಿನ 38 ವಹಿಗಳು ಬಂದವು. ಬಣ್ಣದ ಹೊದಿಕೆ, ಅಂಚಿನಲ್ಲಿ ಬಳ್ಳಿಯ ಚಿತ್ರ, ಮುತ್ತಿನಂಥ ಅಕ್ಷರ. ಓದಲು ಕುಳಿತಾಗ, ಕೂರಿಗೆಯೆಂದರೆ ಒಂದು ಬಗೆಯ ನೇಗಿಲು ಎಂಬ ಅರ್ಥವು ಮೊದಲನೆಯ ವಹಿಯಲ್ಲಿ ಕಂಡಿತು, ನಾಲ್ಕನೆಯದರಲ್ಲಿಯೂ ಕಂಡಿತು, ಎಣಿಸಿದರೆ 19 ವಹಿಗಳಲ್ಲಿ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪಿನೊಡನೆ ಇದ್ದಿತು. ಬೀಜ ಬಿತ್ತುವ ಕೂರಿಗೆಗೂ ನೆಲವನ್ನು ಸೀಳುವ ನೇಗಿಲಿಗೂ ಭೇದವರಿಯದ ಮಗು ಈ ಸೀಮೆಯಲ್ಲಿ ಇರಲಾರದು. ಆ ಹತ್ತೊಂಬತ್ತರಲ್ಲಿ ಹಲವರ ಮನೆಯ ಗೋಡೆಗೆ ಕೂರಿಗೆಯು ಒರಗಿಯೇ ಇದ್ದೀತು. ಮನೆಯಲ್ಲಿದ್ದ ವಸ್ತುವನ್ನು ಕಣ್ಣೆತ್ತಿ ನೋಡದೆ ಗೆಳೆಯನ ವಹಿಯನ್ನು ನೋಡಿ ಬರೆದಿದ್ದರು. ಇದು ನನಗೆ ಗೊತ್ತಾಯಿತು. ಗೊತ್ತಾಗಿಯೂ ಅವರಿಗೆಲ್ಲ 22, 23 ಎಂದು ಅಂಕವಿಟ್ಟೆನು. ಒಬ್ಬಳು ಹುಡುಗಿ ಮಾತ್ರ, ಮನೆಗೆಲಸದ ನಡುವೆ ತಾನೇ ಕೇಳಿ ತಿಳಿದು, 31 ಪದಗಳನ್ನಷ್ಟೇ ಬರೆದು ಸಕಾಲದಲ್ಲಿ ಕೊಟ್ಟಿದ್ದಳು. ಪದಗಳು ಕಡಿಮೆಯೆಂದು ಅವಳಿಗೆ 17 ಕೊಟ್ಟೆನು. ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಒಂಬತ್ತು ದಿನಗಳ ತರುವಾಯ, 24ರಂದು, ಹೇಳಿದ ಹುಡುಗನು ಬಂದನು. ತಾಯಿಯೊಡನೆ ಗೋವಿನಜೋಳ ಮುರಿಯುವ ಕೂಲಿಗೆ ಹೋಗಿದ್ದನು. ಕೈಗಳ ತುಂಬ ಗರಿ ಕೊಯ್ದ ಗೆರೆಗಳು. ಹಳೆಯ ಲೆಕ್ಕದ ವಹಿಯ ಉಳಿದ ಹಾಳೆಗಳಲ್ಲಿ ಸೀಸದ ಕಡ್ಡಿಯಿಂದ ಬರೆದು ತಂದಿದ್ದನು. ನಾನು ನೋಡದೆಯೇ ಮೇಜಿನ ಮೂಲೆಗೆ ಸರಿಸಿದೆನು.

ರಾತ್ರಿ ಮನೆಯಲ್ಲಿ ತೆಗೆದು ನೋಡಿದರೆ 117 ಪದಗಳು. ಕೂರಿಗೆಗೆ ಅರ್ಥ ಬರೆದು ಸುಮ್ಮನಾಗಿರಲಿಲ್ಲ. ಈಸು, ನೊಗ, ಮೇಳಿ, ದಿಂಡು, ತಾಳು ಎಂದು ಅದರ ಅಂಗಾಂಗಗಳನ್ನು ಬಿಡಿಸಿ ಚಿತ್ರಿಸಿದ್ದನು. ಕಣ, ಮೇಟಿ, ಹಂತಿ, ಹಗೇವು, ಅಕ್ಕಡಿ, ಎಡೆಕುಂಟೆ, ಮಿಣಿ, ಬಾರಕೋಲು, ಒಂದೊಂದಕ್ಕೂ ಎರಡೆರಡು ಸಾಲು. ನನ್ನನ್ನು ಬೆರಗುಗೊಳಿಸಿದ್ದು ಇದಲ್ಲ. ಪ್ರತಿ ಪದದ ಮುಂದೆ ಸಣ್ಣ ಅಕ್ಷರದಲ್ಲಿ ‘ನೋಡೀನಿ’, ‘ಅಜ್ಜ ಹೇಳಿದ್ದು’, ‘ಊಹೆ’ ಎಂದು ಮೂರರಲ್ಲೊಂದನ್ನು ಬರೆದಿದ್ದನು. ನಾನು ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ವರ್ಷಗಟ್ಟಲೆ ಉರುಹೊಡೆದು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ಪ್ರಮಾಣಗಳನ್ನು ಕಲಿತವನು. ಈ ಹುಡುಗನಿಗೆ ಅವುಗಳ ಹೆಸರೂ ತಿಳಿಯದು. ಆದರೂ ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆ ಬೇರೆಯೆಂದೂ, ಓದುವವರಿಗೆ ಆ ಭೇದವನ್ನು ಹೇಳುವದು ತನ್ನ ಹೊಣೆಯೆಂದೂ ಅವನಿಗೆ ಹೇಗೋ ಹೊಳೆದಿದ್ದಿತು. ಶಾಲೆಗೆ ತಪ್ಪಿಸಿಕೊಂಡ ದಿನಗಳಲ್ಲಿಯೇ ಅವನಿಗೆ ಆ ಪದಗಳು ದೊರೆತಿದ್ದವು. ಗೈರುಹಾಜರಾಗದಿದ್ದರೆ ಅವನೂ ಇಪ್ಪತ್ತನೆಯ ನೇಗಿಲನ್ನು ಬರೆಯುತ್ತಿದ್ದನೋ ಏನೋ.

ಯೋಗ್ಯತೆಯಿಂದ ನೋಡಿದರೆ 24 ಕೊಡತಕ್ಕ ವಹಿ. ತಡವಾದದ್ದಕ್ಕೆ ಅರ್ಧವೆಂಬ ಕಟ್ಟಳೆಯನ್ನು ಜೂನ್ ತಿಂಗಳಲ್ಲಿ ನಾನೇ ಗಟ್ಟಿಯಾಗಿ ಓದಿದ್ದೆನು. 12 ಎಂದು ಬರೆದೆನು. ಅಂಕಗಳನ್ನು ಅಷ್ಟರಲ್ಲಿ ಗಣಕಯಂತ್ರಕ್ಕೆ ಏರಿಸಿಯಾಗಿದ್ದಿತು. ತಿದ್ದುಪಡಿಗೆ ಮುಖ್ಯೋಪಾಧ್ಯಾಯರನ್ನು ಕೇಳಬೇಕಾಗಿದ್ದಿತು, ಅವರು ಮೇಲಿನವರನ್ನು ಕೇಳಬೇಕಾಗಿದ್ದಿತು. ಕೇಳಿದ್ದರೆ ಆಗುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಸಕಾಲದಲ್ಲಿ ಕೊಟ್ಟ ಆ ಹುಡುಗಿಗೆ ಅನ್ಯಾಯವಾಗಬಾರದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅವಳಿಗೆ ಅನ್ಯಾಯವು ಅದಾಗಲೇ ನನ್ನ ಕೈಯಿಂದಲೇ ಆಗಿಹೋಗಿದ್ದಿತಷ್ಟೆ!

ಫೆಬ್ರವರಿಯಲ್ಲಿ ಹಾಜರಿಯ ಲೆಕ್ಕವು ಬಂದಿತು. ಕೆಲಸದ ದಿನಗಳು 220, ಬೇಕಾದದ್ದು 165, ಹುಡುಗನದು 158. ಏಳು ದಿನಗಳಿಗಾಗಿ ಒಂದು ವರ್ಷ ಹೋಗುವದೆಂದು ನನಗೆ ಮರುಕವೆನಿಸಿತು. ಹಾಜರಿ ಪುಸ್ತಕವನ್ನು ತೆಗೆದು, ಸುತ್ತಮುತ್ತ ಯಾರೂ ಇಲ್ಲದಾಗ, ಏಳು ಖಾಲಿ ಮನೆಗಳಲ್ಲಿ ಗೆರೆ ಎಳೆದೆನು. ಕೈ ನಡುಗಲಿಲ್ಲ. ನಾನು ಪುಣ್ಯದ ಕೆಲಸವನ್ನು ಮಾಡುತ್ತಿರುವೆನೆಂದೇ ಆಗ ಭಾವಿಸಿದ್ದೆನು.

ಅವನು 2018ರ ಪರೀಕ್ಷೆಯಲ್ಲಿ 373 ಅಂಕಗಳನ್ನು ಪಡೆದು ಉತ್ತೀರ್ಣನಾದನು. ಪ್ರಥಮ ವರ್ಗಕ್ಕೆ 375 ಬೇಕು. ಲೆಕ್ಕವು ನನಗೆ ಸುಲಭವಾಗಿ ಬಂದಿತು: 24ರ ಬದಲು ಕೊಟ್ಟ 12, ನಾಲ್ಕರ ಸರಾಸರಿಯಲ್ಲಿ ಮೂರು ಅಂಕ. ಹಾಜರಿಯಲ್ಲಿ ಸುಳ್ಳನ್ನು ಬರೆಯಲು ಅಂಜದ ಕೈಯು ಅಂಕಪಟ್ಟಿಯಲ್ಲಿ ಸತ್ಯವನ್ನು ಬರೆಯಲು ಅಂಜಿದ್ದಿತು. ಇದು ಹೇಗಾಯಿತೆಂದು ಬಹಳ ಯೋಚಿಸಿದ್ದೇನೆ. ದಿನಾಂಕವನ್ನು ಯಾರಾದರೂ ಎಣಿಸಿ ನೋಡಬಲ್ಲರು. ಹತ್ತೊಂಬತ್ತು ನೇಗಿಲುಗಳನ್ನು ನನ್ನ ಹೊರತು ಯಾರೂ ಎಣಿಸುವಂತಿರಲಿಲ್ಲ. ಮರುಕವಾದರೂ ಯಾರೂ ನೋಡದಲ್ಲಿ ನಡೆಯುವಂಥದು. ನ್ಯಾಯಕ್ಕಾದರೆ ಮುಖ್ಯೋಪಾಧ್ಯಾಯರ ಕೋಣೆಯ ವರೆಗೆ ನಡೆದುಹೋಗಬೇಕಾಗಿದ್ದಿತು.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾಗಳನ್ನು ಹಚ್ಚಿ ದೂರದಿಂದ ನೋಡುವ ಏರ್ಪಾಡಾದಾಗ, ಹಿಂದಿನ ವರ್ಷ ನೂರಕ್ಕೆ 83.89 ಇದ್ದ ತೇರ್ಗಡೆಯು 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ನೂರಕ್ಕೆ 10ರಿಂದ 20ಕ್ಕೆ ಏರಿಸಿದ ಮೇಲೆ. ಪತ್ರಿಕೆಗಳಲ್ಲಿ ಮಕ್ಕಳ ನಡತೆಯ ಬಗ್ಗೆ ಬಹಳ ಚರ್ಚೆಯಾಯಿತು. ನಾನು ಆ ವಾರ್ತೆಯನ್ನು ಓದುತ್ತಿದ್ದಾಗ, ಕ್ಯಾಮರಾ ಇರುವದು 80 ಅಂಕಗಳ ಮೇಲಷ್ಟೇ, ಉಳಿದ 20ರ ಮೇಲೆ ಶಿಕ್ಷಕನ ಹೊರತು ಯಾರ ಕಣ್ಣೂ ಇಲ್ಲ, ಎಂದು ಮನಸ್ಸಿಗೆ ಬಂದಿತು. ಆ ಶಿಕ್ಷಕನನ್ನು ನಾನು ಬಲ್ಲೆನು.

ವಹಿಯು ನನ್ನಲ್ಲಿಯೇ ಉಳಿದಿದ್ದಿತು. ಹಿಂತಿರುಗಿಸುವ ಧೈರ್ಯವಾಗಲಿಲ್ಲ, ಎಸೆಯಲಿಕ್ಕೂ ಆಗಲಿಲ್ಲ. ಕಳೆದ ಸುಗ್ಗಿಯ ಕಾಲದಲ್ಲಿ ಆ ಹುಡುಗನು ಮನೆಗೆ ಬಂದನು. ಹುಡುಗನೆನ್ನುವದು ನನ್ನ ರೂಢಿ. ಈಗ ಮೀಸೆ ಬಂದ ಗಂಡಸು, ಗೋವಿನಜೋಳ ಒಕ್ಕುವ ಯಂತ್ರವನ್ನು ಊರೂರಿಗೆ ಒಯ್ಯುತ್ತಾನೆ. ಅಕ್ಕನ ಮಗುವಿಗೆ ಇಡಲು ನಕ್ಷತ್ರಕ್ಕೆ ಹೊಂದುವ ಹೆಸರನ್ನು ಕೇಳಲು ಬಂದಿದ್ದನು. ಹೆಸರು ಹೇಳಿಯಾದ ಮೇಲೆ ನಾನು ವಹಿಯನ್ನು ತಂದು ಅವನ ಮುಂದಿಟ್ಟು, 12ರ ಕತೆಯನ್ನೂ ಏಳು ಗೆರೆಗಳ ಕತೆಯನ್ನೂ ಹೇಳಿದೆನು. ಅವನು ಅಷ್ಟಾಗಿ ಕಿವಿಗೊಟ್ಟಂತೆ ಕಾಣಲಿಲ್ಲ. ಹಾಳೆಗಳನ್ನು ತಿರುವುತ್ತ ತನ್ನ ಅಜ್ಜನ ಮಾತುಗಳನ್ನು ನೆನೆದು ನಗುತ್ತಿದ್ದನು. ಅಜ್ಜನು ತೀರಿಕೊಂಡು ಮೂರು ವರ್ಷವಾಗಿದೆಯಂತೆ. ಹಗೇವು ಎಂಬ ಪದದ ಹತ್ತಿರ ಬೆರಳು ನಿಂತಿತು. ಆಳು ಮುಳುಗುವಷ್ಟು ಆಳವೆಂದು ಬರೆದು, ಮುಂದೆ ‘ಅಜ್ಜ ಹೇಳಿದ್ದು’ ಎಂದಿದ್ದನು.

“ಸರ, ಇದು ಅಜ್ಜ ಹೇಳಿದ್ದಲ್ಲರೀ,” ಎಂದನು. “ನಾನ ಅಂದಾಜ ಮಾಡಿ ಬರದದ್ದು. ಆಗಲೇ ತಡ ಆಗಿತ್ತಲ್ಲರೀ, ಕೇಳಾಕ ಹೊತ್ತಿರಲಿಲ್ಲ.”

ನನ್ನ ಮೇಜಿನ ಮೇಲಿದ್ದ ಪೆನ್ನನ್ನು ತೆಗೆದುಕೊಂಡು ಆ ಎರಡು ಮಾತುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಊಹೆ’ ಎಂದು ಬರೆದು, ವಹಿಯನ್ನು ನನ್ನ ಕಡೆಗೇ ಸರಿಸಿದನು.